ಪಾಯ ಹಂಪಿಯಲ್ಲಿ, ಗೋಡೆ ದುರ್ಗದಲ್ಲಿ

ಅಪ್ಪ ಗೋಡೆಗೆ ಅಂಗೈ ಒತ್ತಿಕೊಂಡು ನಿಂತುಬಿಟ್ಟ.

ಚಿತ್ರದುರ್ಗದ ಮೇಲುದುರ್ಗದಲ್ಲಿ, ಹಳೆಯ ಮುರುಘಾ ಮಠದ ಆಸುಪಾಸಿನಲ್ಲಿ, ಪಾಳೇಗಾರರ ಕಾಲದ ಕಚೇರಿ, ಟಂಕಸಾಲೆ ಅಂತ ತೋರಿಸುವ ಬಯಲಿದೆಯಲ್ಲ, ಅಲ್ಲಿ ಆಳೆತ್ತರಕ್ಕಿಂತ ಎಷ್ಟೋ ಮೇಲಕ್ಕೆ ಎದ್ದು ನಿಂತ ಮಣ್ಣಿನ ಗೋಡೆಗಳಿವೆ. ಸೂರಿಲ್ಲ, ಬಾಗಿಲಿಲ್ಲ, ಗೋಡೆ ಮಾತ್ರ. ಬಿಸಿಲು ನೆತ್ತಿಗೆ ಬಂದಿತ್ತು. ಗೋಪಾಲಸ್ವಾಮಿ ಹೊಂಡದ ಕಡೆ ಹೋಗಿ ನೆರಳಲ್ಲಿ ಕೂತು ಬುತ್ತಿ ಬಿಚ್ಚೋಣ ಅಂತ ನಾನು. ಅಪ್ಪ ಅಲುಗಲಿಲ್ಲ. ಗೋಡೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ಆಮೇಲೆ ಅಂದ: "ಎಂಥಾ ಚೆನ್ನಾಗಿ ತುಳಿದಾರೆ ನೋಡವ್ವ ಈ ಮಣ್ಣನ್ನ. ಒಂದು ಹೆಂಟೆ ಕಾಣಲ್ಲ."

ದುರ್ಗಕ್ಕೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಶಾಲೆಯಿಂದ ಸಾಲಾಗಿ ಕೈ ಹಿಡಿದುಕೊಂಡು ಹೋದದ್ದು, ನೆಂಟರು ಬಂದಾಗಲೆಲ್ಲ ತೋರಿಸಲಿಕ್ಕೆ ಹೋದದ್ದು. ಎಲ್ಲ ಸಲವೂ ಒಂದೇ ದಾರಿ. ಹಾವಿನ ಹಾಗೆ ತಿರುಗುವ ಬಾಗಿಲುಗಳು, ಮದ್ದು ಬೀಸುವ ಕಲ್ಲು, ಏಕನಾಥೇಶ್ವರಿ, ಹಿಡಿಂಬೇಶ್ವರ, ಉಯ್ಯಾಲೆ ಕಂಬ, ಅಕ್ಕ-ತಂಗಿ ಹೊಂಡ, ಕೊನೆಗೆ ಓಬವ್ವನ ಕಿಂಡಿ. ಆ ಕಿಂಡಿಯೊಳಗೆ ತೂರಿ ಈಚೆ ಬಂದರೆ ದುರ್ಗ ನೋಡಿದ ಹಾಗಾಯಿತು. ಮಣ್ಣಿನ ಗೋಡೆಗಳ ಮುಂದೆ ಒಂದು ದಿನವೂ ನಿಂತವಳಲ್ಲ. "ಅದೆಲ್ಲ ಹಾಳು ಬಿದ್ದಿರೋದು" ಅಂತ ಚಿಕ್ಕಂದಿನಲ್ಲಿ ಯಾರೋ ಹೇಳಿದ್ದು ಹಾಗೇ ತಲೆಯಲ್ಲಿ ಕೂತುಬಿಟ್ಟಿತ್ತು. ಅಪ್ಪನಿಗೆ ಮಾತ್ರ ಅಲ್ಲಿ ಹಾಳು ಕಾಣಲಿಲ್ಲ, ಕೆಲಸ ಕಂಡಿತು. ನನ್ನ ಅಪ್ಪ, ಅವನ ಅಪ್ಪ, ಇಬ್ಬರೂ ಹೊಳಲ್ಕೆರೆ ತಾಲೂಕಿನ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ಹಾಕಿ, ಮೇಲೆ ಮಣ್ಣಿನ ಸೂರು, ಅಂದರೆ ಮಾಳಿಗೆ, ಹೊದಿಸಿ ಬದುಕಿದವರು. ನಾನು ದಾವಣಗೆರೆಯಲ್ಲಿ ಮನೆ ಪ್ಲಾನ್ ಬರೆಯುತ್ತೇನೆ. ಸಿಮೆಂಟು, ಕಬ್ಬಿಣ, ಇಟ್ಟಿಗೆ, ಪಿಲ್ಲರು, ಬೀಮು. ಒಂಬತ್ತಿಂಚಿನ ಗೋಡೆಗಿಂತ ದಪ್ಪದ ಗೋಡೆಯನ್ನು ನಾನು ಕಾಗದದ ಮೇಲೆ ಎಳೆದದ್ದೇ ಇಲ್ಲ.

"ಇಲ್ಲಿ ನೋಡು, ಇದೊಂದು ವರಸೆ. ಇಲ್ಲಿಗೆ ನಿಲ್ಸ್ಯಾರೆ. ಇದು ಒಣಗಿದ ಮೇಲೆ ಇದರ ತಲೆ ಮ್ಯಾಲೆ ಇನ್ನೊಂದು." ಬೆರಳಿನಿಂದ ಗಾಳಿಯಲ್ಲೇ ಗೆರೆ ಎಳೆದು ತೋರಿಸಿದ. ಆಗ ನನಗೂ ಕಾಣತೊಡಗಿತು, ಗೋಡೆಯ ಉದ್ದಕ್ಕೂ ಅಡ್ಡಡ್ಡ ಹೋದ ಸಣ್ಣ ಗೆರೆಗಳು. ಅದುವರೆಗೆ ಒಂದೇ ಮುದ್ದೆಯಾಗಿ ಕಂಡಿದ್ದ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿಕೊಂಡಿತು.

ಗೋಡೆ ಹಾಕುವ ಕೆಲಸದ ಬಗ್ಗೆ ಅಪ್ಪ ಮನೆಯಲ್ಲಿ ಇಷ್ಟು ವಿವರವಾಗಿ ಯಾವತ್ತೂ ಮಾತಾಡಿರಲಿಲ್ಲ. ಅಲ್ಲಿ ಕೂತು, ಚಪಾತಿ ಚೂರು ಕೈಯಲ್ಲೇ ಹಿಡಿದು, ಒಂದೊಂದೇ ಹೇಳಿದ. ಬರೀ ಎರೆಮಣ್ಣಾದರೆ ಒಣಗುವಾಗ ಬಿರಿಯುತ್ತದೆ. ಬರೀ ಮರಳುಮಣ್ಣಾದರೆ ಕೈಗೆ ಬರುವುದಿಲ್ಲ, ಉದುರುತ್ತದೆ. ಗರಸು ಬೆರೆತ ಕೆಂಪುಮಣ್ಣು ಸಿಕ್ಕರೆ ಅದು ಅದೃಷ್ಟ. ಮಣ್ಣಿಗೆ ನೀರು ಬಿಟ್ಟು, ಹುಲ್ಲು ಹೊಟ್ಟು ಸೇರಿಸಿ, ಕೊಳೆಯಲು ಬಿಡಬೇಕು. ಆಮೇಲೆ ತುಳಿತ. ದೊಡ್ಡ ಮನೆಯಾದರೆ ಎತ್ತುಗಳನ್ನು ಬಿಟ್ಟು ತುಳಿಸುತ್ತಿದ್ದರು, ಚಿಕ್ಕದಾದರೆ ಮನೆಮಂದಿಯೇ. ಹದ ಬಂದ ಮಣ್ಣನ್ನು ಉಂಡೆ ಮಾಡಿ ಕೈಯಿಂದ ಕೈಗೆ ಎಸೆದು, ಗೋಡೆಯ ಮೇಲೆ ನಿಂತವನು ಹಿಡಿದು ಬಡಿದು ಕೂರಿಸಬೇಕು. ಒಂದು ಮೊಳ ಎದ್ದರೆ ಅವತ್ತಿಗೆ ಸಾಕು. ಅದು ಒಣಗಿ ಗಟ್ಟಿಯಾಗುವ ತನಕ ಮೇಲಿನ ವರಸೆಗೆ ಕೈ ಹಾಕಬಾರದು. ಅವಸರ ಮಾಡಿದರೆ ಮೇಲಿನ ಭಾರಕ್ಕೆ ಕೆಳಗಿನದು ಹೊಟ್ಟೆ ಬಿಡುತ್ತದೆ. ಒಂದು ಸಲ ಹೊಟ್ಟೆ ಬಿಟ್ಟ ಗೋಡೆಯನ್ನು ಸರಿ ಮಾಡಲಿಕ್ಕಾಗುವುದಿಲ್ಲ, ಅದು ಇರುವ ತನಕ ಹಾಗೇ. "ಬುಡ ನೆನೀಬಾರ್ದು, ತಲೆ ನೆನೀಬಾರ್ದು. ಅವೆರಡು ಕಾಯ್ಕೊಂಡ್ರೆ ಮಣ್ಣು ಎಲ್ಲೂ ಹೋಗಲ್ಲ," ಅಂದ.

ನಮ್ಮ ಎದುರಿಗಿದ್ದ ಗೋಡೆಗಳಿಗೆ ತಲೆ ಕಾಯುವ ಮಾಳಿಗೆ ಹೋಗಿ ಎರಡು ಶತಮಾನ ದಾಟಿದೆ. ದುರ್ಗದ ಪಾಳೇಗಾರರ ಆಳ್ವಿಕೆ ಮುಗಿದದ್ದು 1779ರಲ್ಲಿ, ಹೈದರಾಲಿ ಕೋಟೆ ಹಿಡಿದು ಕೊನೆಯ ಮದಕರಿ ನಾಯಕನನ್ನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ದಾಗ. ಅಲ್ಲಿಂದೀಚೆಗೆ ಬಿದ್ದ ಮಳೆಯನ್ನೆಲ್ಲ ಈ ಮಣ್ಣು ಬರಿದಲೆಯಲ್ಲಿ ತಡೆದುಕೊಂಡಿದೆ. ನಮ್ಮದು ಬಯಲುಸೀಮೆ, ಮಳೆ ಕಡಿಮೆ, ನಿಜ. ಆದರೂ ಅಷ್ಟು ವರ್ಷ ಅಂದರೆ ತುಳಿದವರ ಕಾಲಿಗೆ ಕೈ ಮುಗಿಯಬೇಕು.

ಮೇಲುದುರ್ಗದಲ್ಲಿ ಎತ್ತ ನೋಡಿದರೂ ಕಲ್ಲು. ಆನೆಯಷ್ಟು, ಮನೆಯಷ್ಟು, ದೇವಸ್ಥಾನದಷ್ಟು ದೊಡ್ಡ ಬಂಡೆಗಳು. ಅವುಗಳ ಮೈಮೇಲೆ ಸಾಲಾಗಿ ಕುಳಿ ಹೊಡೆದ ಗುರುತುಗಳಿವೆ. ಕುಳಿಗೆ ಮರದ ಬೆಣೆ ಜಡಿದು, ನೀರು ಹೊಯ್ದು, ಬೆಣೆ ಉಬ್ಬಿ ಬಂಡೆ ಗೆರೆ ಎಳೆದಂತೆ ಸೀಳುವ ಹಾಗೆ ಮಾಡುತ್ತಿದ್ದರು. ಆ ಸೀಳುಗಲ್ಲುಗಳಿಂದಲೇ ಏಳು ಸುತ್ತಿನ ಕೋಟೆ ಎದ್ದದ್ದು. ಎಷ್ಟೋ ಕಡೆ ಗಾರೆಯೇ ಇಲ್ಲದೆ, ಕಲ್ಲಿಗೆ ಕಲ್ಲು ಕೂತು ನಿಂತಿದೆ. ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಗೋಪಾಲಸ್ವಾಮಿ, ಎಲ್ಲ ಗುಡಿಗಳೂ ಕಲ್ಲಿನವು. ಹೊಂಡಗಳ ಮೆಟ್ಟಿಲೂ ಕಲ್ಲಿನವೇ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ ನೀರು ಇಳಿಯುವ ಹಾಗೆ ಕಲ್ಲಿನಲ್ಲೇ ದಾರಿ ಮಾಡಿದ ಜನ ಅವರು. ಅಷ್ಟು ಕಲ್ಲು, ಅಷ್ಟು ಕೈಚಳಕ ಇಟ್ಟುಕೊಂಡು ತಾವು ವಾಸಿಸುವುದಕ್ಕೆ ಮಣ್ಣನ್ನೇ ಯಾಕೆ ಆರಿಸಿದರು?

ಅಪ್ಪನನ್ನೇ ಕೇಳಿದೆ. ಅವನಿಗೆ ಅದು ಯೋಚಿಸಬೇಕಾದ ಪ್ರಶ್ನೆಯಾಗಿಯೂ ಕಾಣಲಿಲ್ಲ. "ಕಲ್ಲಿನ ಮನೇಲಿ ಮನುಷ್ಯ ಮಲಗಕ್ಕಾಗ್ತದೇನವ್ವ? ಬ್ಯಾಸಿಗೇಲಿ ಸುಡ್ತದೆ, ಚಳೀಲಿ ಕೊರೀತದೆ. ದೇವ್ರಿಗೆ ಸರಿ ಅದು. ರಾಜ ಆದ್ರೂ ಅವನಿಗೂ ನಿದ್ದೆ ಬರಬೇಕಲ್ಲ."

ಈ ಮಾತು ನನ್ನನ್ನು ಬಿಡಲಿಲ್ಲ. ಹದಿನೈದು ದಿನ ಬಿಟ್ಟು ಅವನನ್ನು ಹಂಪಿಗೆ ಕರಕೊಂಡು ಹೋದೆ.

ದುರ್ಗದಿಂದ ಹೊಸಪೇಟೆಗೆ ಬೆಳಗಿನ ಬಸ್ಸು. ಅಪ್ಪ ಹಂಪಿ ನೋಡಿರಲಿಲ್ಲ ಅಂತಲ್ಲ. ವಿರೂಪಾಕ್ಷನ ದರ್ಶನಕ್ಕೆ ಎರಡು ಸಲ ಹೋಗಿದ್ದ, ಹೊಳೆಯಲ್ಲಿ ಮುಳುಗೆದ್ದು, ಕಾಯಿ ಒಡೆಸಿ, ಬಂದಿದ್ದ. ರಾಜಾಂಗಣದ ಕಡೆ ಕಾಲಿಟ್ಟಿರಲಿಲ್ಲ. ಅಲ್ಲಿಗೆ ಬಂದವರಲ್ಲಿ ಮುಕ್ಕಾಲು ಮಂದಿ ಮಹಾನವಮಿ ದಿಬ್ಬ ಹತ್ತಿ, ಫೋಟೋ ತೆಗೆಸಿಕೊಂಡು, ಮೆಟ್ಟಿಲು ಬಾವಿ ನೋಡಿ ಹೊರಟುಬಿಡುತ್ತಾರೆ. ನಾವು ಹೋದ ದಿನ ಹಿಂದೆ ಬರುತ್ತಿದ್ದ ಒಂದು ಗುಂಪಿನ ಹಿರಿಯರು "ಇಲ್ಲೇನೈತೆ, ಬರೀ ಕಟ್ಟೆ" ಅಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. 1336ರಿಂದ 1565ರ ತನಕ, ಇನ್ನೂರು ವರ್ಷಕ್ಕೂ ಮೇಲೆ, ತುಂಗಭದ್ರೆಯಿಂದ ಕೆಳಗಿನ ನಾಡನ್ನೆಲ್ಲ ಆಳಿದ ಅರಸರ ಮನೆಗಳ ಪೈಕಿ ಉಳಿದಿರುವುದು ಕಟ್ಟೆಗಳೇ. ಕಟ್ಟೆ ಅಂದರೆ ಪಾಯದ ಮೇಲಿನ ಅಧಿಷ್ಠಾನ, ಗೋಡೆ ಏಳುವುದಕ್ಕೆ ಮುಂಚಿನ ಭಾಗ.

ಆದರೆ ಎಂಥ ಕಟ್ಟೆಗಳು! ಸಾಲು ಸಾಲು ಪಟ್ಟಿಕೆ ಕೆತ್ತಿ, ಒಂದರ ಮೇಲೊಂದು ಕೂರಿಸಿದ ಕಲ್ಲುಗಳು. ಹತ್ತುವ ಮೆಟ್ಟಿಲಿನ ಎರಡೂ ಬದಿಗೆ ಯಾಳಿಗಳು. ಮೇಲೆ ಹತ್ತಿದರೆ ನೆಲ ಒಂದೇ ಮಟ್ಟದಲ್ಲಿಲ್ಲ. ಮುಂದೆ ತಗ್ಗು, ಒಳಗೆ ಹೋದ ಹಾಗೆ ಒಂದು ಮೆಟ್ಟಿಲು ಎತ್ತರ, ಇನ್ನೂ ಒಳಗೆ ಇನ್ನೊಂದು ಎತ್ತರ. ನಡುವೆ ಅಂಗಳ ಬಿಟ್ಟು ಮೂರು ಕಡೆಗೂ ಜಗಲಿ ಎದ್ದಿರುವ ಹಾಗೆ. ಬರೀ ಹೆಜ್ಜೆ ಹಾಕಿದರೆ ಸಾಕು, ಯಾರು ಎಲ್ಲಿಯ ತನಕ ಬರಬಹುದಿತ್ತು ಅನ್ನುವುದು ಕಾಲಿಗೆ ತಿಳಿಯುತ್ತದೆ. ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಆ ಮಟ್ಟಗಳನ್ನು ಹತ್ತಿ ಇಳಿದ. ಇದು ಕಟ್ಟೆ, ಇದು ಪಡಸಾಲೆ, ಇದು ನಡುಮನೆ, ಅಂತ ನಮ್ಮ ಊರಿನ ಹೆಸರುಗಳನ್ನೇ ಇಟ್ಟುಕೊಂಡು ಹೋದ. ನಮ್ಮ ಮನೆಯಲ್ಲೂ ಬೀದಿಯಿಂದ ಕಟ್ಟೆಗೆ ಒಂದು ಮೆಟ್ಟಿಲು, ಪಡಸಾಲೆಗೆ ಒಂದು, ನಡುಮನೆಯ ಹೊಸಿಲು ಅದಕ್ಕಿಂತ ಎತ್ತರ. ಪ್ಲಾನ್ ಬರೆಯುವವಳಾಗಿ ನಾನು ಇದನ್ನು ಗಮನಿಸಬೇಕಿತ್ತು. ಈಗಿನ ಮನೆಗಳಲ್ಲಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು ಟೈಲ್ಸ್ ಹಾಕುತ್ತೇವೆ.

ನೂರು ಕಂಬದ ಸಭಾಂಗಣ ಅನ್ನುವ ಜಾಗದಲ್ಲಿ ಕಂಬ ಒಂದೂ ಇಲ್ಲ. ಹತ್ತು ಹತ್ತರಂತೆ ಹತ್ತು ಸಾಲು ಕಂಬದ ನೆಲೆಗಳಿವೆ. ಅಡಿಗಲ್ಲುಗಳ ಮುಂದೆ ಅಪ್ಪ ಕುಕ್ಕರಗಾಲಲ್ಲಿ ಕೂತ. ಮಣ್ಣಿನ ತೇವ ಮರಕ್ಕೆ ಏರದ ಹಾಗೆ, ಗೆದ್ದಲು ಬುಡಕ್ಕೆ ಬಾಯಿ ಹಾಕದ ಹಾಗೆ ಕಂಬವನ್ನು ನೆಲದಿಂದ ಮೇಲೆತ್ತಿ ಕಲ್ಲಿನ ಮೇಲೆ ನಿಲ್ಲಿಸುವುದು. ನಮ್ಮ ಮನೆಯ ನಾಲ್ಕು ಕಂಬಗಳ ಕೆಳಗೂ ಅದೇ ಇದೆ. ಅಲ್ಲಿ ನೂರು, ಇಲ್ಲಿ ನಾಲ್ಕು. ಆ ಸಭಾಂಗಣದ ಪಕ್ಕದಲ್ಲಿ ಕಲ್ಲಿನ ಮೆಟ್ಟಿಲು ಮೇಲಕ್ಕೆ ಹೋಗುತ್ತದೆ. ಹತ್ತಿ ಹೋದರೆ ಸಿಗಬೇಕಾದ ಮಹಡಿ ಇಲ್ಲ, ಮೆಟ್ಟಿಲು ಆಕಾಶಕ್ಕೆ ಹೋಗಿ ನಿಲ್ಲುತ್ತದೆ. ಮಹಡಿ ಪೂರಾ ಮರದ್ದು. 1443ರಲ್ಲಿ ಪಾರಸೀಕ ದೇಶದಿಂದ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ ಕಂಡು ಬೆರಗಾಗಿ ಬರೆದಿಟ್ಟ ಅರಮನೆಯ ಸಭೆಗಳು ಇಂಥ ಕಟ್ಟಡಗಳಲ್ಲೇ ನಡೆದಿದ್ದವು.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಪೋರ್ಚುಗೀಸರ ಡೊಮಿಂಗೊ ಪಾಯಸ್ ಅರಮನೆಯ ಒಳಗೆ ಹೋಗಿ ಬಂದಿದ್ದ. ಅವನು ಬರೆದಿರುವ ಒಂದು ಕೋಣೆ ನನ್ನ ಕಣ್ಣಿಂದ ಹೋಗುವುದಿಲ್ಲ. ನೆಲದಿಂದ ಸೂರಿನ ತನಕ ದಂತದ ಕೋಣೆ, ಕಂಬಗಳ ತುದಿಯಲ್ಲಿ ದಂತದಲ್ಲೇ ಕೊರೆದ ಕಮಲದ ಹೂಗಳು. ಆ ಕೋಣೆ ಹಂಪಿಯ ಯಾವ ಕಟ್ಟೆಯ ಮೇಲೆ ಇದ್ದಿರಬಹುದು ಅಂತ ಪ್ರತಿ ಕಟ್ಟೆಯ ಮುಂದೆಯೂ ನಿಂತು ನೋಡಿದೆ. ಮಹಾನವಮಿ ದಿಬ್ಬವನ್ನೇ ತೆಗೆದುಕೊಳ್ಳಿ. ಮೂರು ಅಂತಸ್ತು, ಸುತ್ತ ಕುದುರೆ, ಬೇಟೆ, ಕುಣಿತ, ಪರದೇಶದವರ ಕೆತ್ತನೆ, ಒಂದು ಬದಿಗೆ ಬೇರೆ ಬಣ್ಣದ ನುಣುಪು ಕಲ್ಲಿನ ಹೊದಿಕೆ. ಎಲ್ಲರೂ ಅದನ್ನೇ ಸ್ಮಾರಕ ಅಂದುಕೊಳ್ಳುತ್ತಾರೆ. ಅದು ಬರೀ ಪೀಠ. ಮೇಲೆ ಕಂಬ ನಿಲ್ಲಿಸಿದ ಗುರುತುಗಳಿವೆ. ನವರಾತ್ರಿಯಲ್ಲಿ ರಾಯ ಕೂತ ಮರದ ಮಂಟಪ ಇದ್ದದ್ದು ಆ ಗುರುತುಗಳ ಮೇಲೆ.

ನನಗೆ ಅಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ನೆಲದ ಮೇಲಿರುವ ಕಲ್ಲಿನ ಬಾಗಿಲು. ಒಂದೇ ಕಲ್ಲಿನಲ್ಲಿ ಬಾಗಿಲಿನ ಪಟ್ಟಿ, ಚೌಕ, ಮೊಳೆ ಬಡಿದ ಗುಬ್ಬಿಗಳನ್ನೆಲ್ಲ ಕೆತ್ತಿದ್ದಾರೆ. ಕಲ್ಲಿಗೆ ಮೊಳೆ ಯಾಕೆ ಬೇಕು? ಬಡಗಿ ಮರದಲ್ಲಿ ಮಾಡುತ್ತಿದ್ದದ್ದನ್ನು ಕಲ್ಲುಕುಟಿಗ ಹಾಗೇ ಕಲ್ಲಿಗೆ ಇಳಿಸಿದ್ದಾನೆ. ಆ ಊರಿನ ಮರದ ಬಾಗಿಲುಗಳು ಹೇಗಿದ್ದವು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅಪ್ಪ ಅದರ ಗುಬ್ಬಿಗಳನ್ನು ಎಣಿಸಲು ಶುರು ಮಾಡಿದ. ಅಷ್ಟರಲ್ಲಿ ಒಂದು ಶಾಲೆಯ ಮಕ್ಕಳೆಲ್ಲ ಓಡಿ ಬಂದು ಅದರ ಸುತ್ತ ನಿಂತವು, ಎಣಿಕೆ ಅಲ್ಲಿಗೇ ನಿಂತಿತು.

1565ರ ರಕ್ಕಸತಂಗಡಿ ಯುದ್ಧದ ನಂತರ ಊರು ಸೂರೆಯಾಯಿತು, ಬೆಂಕಿ ಬಿತ್ತು. ಅಗೆದ ಕಡೆ ಇದ್ದಿಲು, ಬೂದಿ ಸಿಕ್ಕಿವೆ. ಮರದ ಕಂಬ, ತೊಲೆ, ಬೋದಿಗೆ ಉರಿದವು. ಸೂರು ಕುಸಿದ ಮೇಲೆ ಗೋಡೆಗಳ ತಲೆ ಬರಿದಾಯಿತು, ಮಳೆ ಸುರಿಯಿತು. ಕಮಲ ಮಹಲ್, ಆನೆ ಲಾಯದ ಹನ್ನೊಂದು ಕೋಣೆಗಳು ಇವತ್ತಿಗೂ ನಿಂತಿರುವುದಕ್ಕೆ ಕಾರಣ ಅವು ಕಮಾನು, ಗುಮ್ಮಟಗಳಿಂದ ಎದ್ದ ಗಾರೆ ಕಟ್ಟಡಗಳು. ಉರಿಯಲು ಅಲ್ಲಿ ತೊಲೆಯೇ ಇರಲಿಲ್ಲ. ಅವು ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಅವುಗಳನ್ನೇ ನೋಡಿ ವಿಜಯನಗರದ ಅರಮನೆ ಹೀಗಿತ್ತು ಅಂದುಕೊಂಡು ಮನೆಗೆ ಬರುವುದು ನನಗೆ ಸರಿ ಕಾಣುವುದಿಲ್ಲ. ಅರಮನೆ ಕಟ್ಟೆಯ ಮೇಲಿತ್ತು.

ಸಂಜೆ ಬಸ್ಸಿನಲ್ಲಿ ವಾಪಸು ಬರುವಾಗ, ಕೂಡ್ಲಿಗಿ ದಾಟಿದ ಮೇಲೆ, ಅಪ್ಪ ಕಿಟಕಿಯಾಚೆ ನೋಡುತ್ತಾ ಹೇಳಿದ: "ಅಲ್ಲಿ ಪಾಯ ಐತೆ, ಗೋಡೆ ಇಲ್ಲ. ನಮ್ ದುರ್ಗದಾಗೆ ಗೋಡೆ ಐತೆ." ಅಷ್ಟೇ. ಮುಂದಕ್ಕೆ ಏನೂ ಹೇಳದೆ ಕಣ್ಣು ಮುಚ್ಚಿದ.

ನನಗೆ ನಿದ್ದೆ ಬರಲಿಲ್ಲ. 1568ರಲ್ಲಿ, ಅಂದರೆ ಹಂಪಿ ಉರಿದು ಮೂರೇ ವರ್ಷಕ್ಕೆ, ವಿಜಯನಗರದ ಅರಸರ ಕೆಳಗೆ ತಿಮ್ಮಣ್ಣ ನಾಯಕ ಚಿತ್ರದುರ್ಗದ ನಾಯಕನಾದ. ಪಾಳೇಗಾರರು ಆ ಸಾಮ್ರಾಜ್ಯದ ನೆರಳಿನಲ್ಲಿ ಬೆಳೆದವರು. ಅವರ ಗುಡಿಗಳಲ್ಲಿ, ಉಯ್ಯಾಲೆ ಕಂಬದಲ್ಲಿ, ಹೊಂಡಗಳಲ್ಲಿ, ಬಾಗಿಲಿಗೆ ಬಾಗಿಲು ಎದುರಾಗದ ಹಾಗೆ ತಿರುಗಿಸಿದ ಕೋಟೆದಾರಿಯಲ್ಲಿ ಅದು ಕಾಣುತ್ತದೆ. ಮನೆ ಎಬ್ಬಿಸುವ ರೀತಿಯೂ ಅದೇ: ಕಲ್ಲಿನ ಬುಡ, ದಪ್ಪ ಗೋಡೆ, ಮರದ ಕಂಬ, ಮಣ್ಣಿನ ಮಾಳಿಗೆ. ಹಂಪಿಯಲ್ಲಿ ಅದರ ಬುಡ ಉಳಿಯಿತು. ಕೆತ್ತಿದ ಕಲ್ಲಾದ್ದರಿಂದ ಬೆಂಕಿಗೂ ಮಳೆಗೂ ಜಗ್ಗಲಿಲ್ಲ. ದುರ್ಗದಲ್ಲಿ ಗೋಡೆ ಉಳಿಯಿತು. ಮರ ಬಿಚ್ಚಿಕೊಂಡು ಹೋಗಬಹುದು, ಕಲ್ಲು ಹೊತ್ತುಕೊಂಡು ಹೋಗಬಹುದು. ಒಣಗಿ ಗಟ್ಟಿಯಾದ ಮಣ್ಣಿನ ಗೋಡೆಯನ್ನು ಕಿತ್ತು ಒಯ್ದು ಯಾರಿಗೂ ಏನೂ ಆಗಬೇಕಾದ್ದಿಲ್ಲ. ಒಂದನ್ನು ನೋಡಿ ಇನ್ನೊಂದನ್ನು ನೋಡಿದರೆ ಒಂದು ಅರಮನೆ ಸೊಂಟದಿಂದ ಮೇಲೆ ಎದ್ದು ಬರುತ್ತದೆ. ಇಷ್ಟು ವರ್ಷ ನಾನು ಎರಡನ್ನೂ ಬೇರೆ ಬೇರೆ ಪಟ್ಟಿಯಲ್ಲಿ ಇಟ್ಟಿದ್ದೆ, ಅದು ಸಾಮ್ರಾಜ್ಯ, ಇದು ಪಾಳೆಯಪಟ್ಟು ಅಂತ.

ಮರದ ಅರಮನೆ ಎಂಥದ್ದಿರುತ್ತದೆ ಅಂತ ಕಣ್ಣಾರೆ ನೋಡಬೇಕಾದರೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಬೇಕು, 1784ರದ್ದು. ಬೆಂಗಳೂರಿನ ಕೋಟೆಯ ಪಕ್ಕದ ಟಿಪ್ಪು ಅರಮನೆ 1791ರದ್ದು, ಅದೂ ಮರದ ಕಂಬಗಳದ್ದೇ. ಮೈಸೂರಿನಲ್ಲೂ ಮರದ ಅರಮನೆಯೇ ಇತ್ತು. 1897ರಲ್ಲಿ ಮದುವೆಯ ಸಡಗರದ ಹೊತ್ತಿನಲ್ಲಿ ಬೆಂಕಿ ಬಿದ್ದು ಹೋಯಿತು. ಈಗ ದಸರಾದಲ್ಲಿ ದೀಪ ಹಚ್ಚಿ ತೋರಿಸುವುದು 1912ಕ್ಕೆ ಮುಗಿದ ಹೊಸದು. ಅದರಲ್ಲಿ ಕಲ್ಲು, ಕಬ್ಬಿಣ ಹೆಚ್ಚು, ಕಾರಣ ಹಿಂದಿನ ಬೆಂಕಿಯೇ.

ಒಂದು ಸಂಕಟ ಹೇಳಿಬಿಡುತ್ತೇನೆ. ಹಂಪಿಯಿಂದ ಬಂದ ಮೇಲೆ ಮತ್ತೆ ದುರ್ಗಕ್ಕೆ ಹೋದೆ, ಒಬ್ಬಳೇ, ಅಳತೆಯ ಟೇಪು ಇಲ್ಲದೆ, ಬರೀ ನೋಡಲಿಕ್ಕೆ. ಗೋಡೆಗಳ ಮೈಮೇಲೆ ಕೈಗೆಟಕುವ ಎತ್ತರದ ತನಕ ಹೆಸರುಗಳು. ಹುಡುಗನ ಹೆಸರು, ಹುಡುಗಿಯ ಹೆಸರು, ನಡುವೆ ಬಾಣ. ಬೀಗದ ಕೈಯಿಂದಲೋ ಕಲ್ಲಿನ ಚೂರಿನಿಂದಲೋ ಗೀಚಿದ್ದು. ಕಲ್ಲಿಗೆ ಗೀಚಿದರೆ ಅದು ಗೀರು. ಮಣ್ಣಿಗೆ ಗೀಚಿದರೆ ನೀರಿಗೆ ದಾರಿ. ಮುಂದಿನ ಮಳೆ ಆ ಗೀರಿನಲ್ಲೇ ಇಳಿಯುತ್ತದೆ, ಅದನ್ನು ಅಗಲ ಮಾಡುತ್ತದೆ, ಅದರ ಮುಂದಿನ ಮಳೆ ಇನ್ನಷ್ಟು. ಅಷ್ಟು ಕಾಲ ಆಕಾಶದಿಂದ ಬಿದ್ದದ್ದನ್ನೆಲ್ಲ ತಡೆದ ಗೋಡೆಗೆ ಇದು ಆಗಬಾರದು. ದಯವಿಟ್ಟು ಗೀಚಬೇಡಿ. ಜೊತೆಗೆ ಬಂದ ಮಕ್ಕಳಿಗೂ ಹೇಳಿ. ಮುಟ್ಟಿ ನೋಡಬೇಕು ಅನ್ನಿಸಿದರೆ ಅಪ್ಪ ಮಾಡಿದ ಹಾಗೆ ಅಂಗೈ ಇಡಿ.

ಇನ್ನು ನಮ್ಮ ಮನೆಯ ವಿಚಾರ. ಪಾಯ ಹಂಪಿಯಲ್ಲಿ, ಗೋಡೆ ದುರ್ಗದಲ್ಲಿ ಸಿಕ್ಕಿತು. ಮಾಳಿಗೆ ಮಾತ್ರ ಎರಡೂ ಕಡೆ ಇಲ್ಲ. ಅದು ನಮ್ಮ ಊರಿನಲ್ಲಿದೆ, ಇನ್ನು ಹೆಚ್ಚು ದಿನ ಇರುವುದಿಲ್ಲ.

ಮಾಳಿಗೆ ಮನೆಯೊಳಗೆ ಬೆಳೆಯದವರಿಗಾಗಿ ಹೇಳುತ್ತೇನೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡ ಜಂತೆಗಳು. ಜಂತೆಯ ಮೇಲೆ ಒತ್ತೊತ್ತಾಗಿ ಕಟ್ಟಿಗೆ ಹಾಸಿ, ಅದರ ಮೇಲೆ ಹೊಂಗೆಯೋ ಬೇವೋ ಸೊಪ್ಪು ಹರಡಿ, ಮೇಲೆ ಮಣ್ಣು ಬಡಿದು, ಎಲ್ಲಕ್ಕಿಂತ ಮೇಲೆ ಕರಲು ಮಣ್ಣು. ಈ ಕರಲು ಮಣ್ಣಿನಲ್ಲೇ ಗುಟ್ಟಿರುವುದು. ಬೆಳೆಗೆ ಬಾರದ, ಬೆಳ್ಳಗೆ ಉಪ್ಪು ಉಕ್ಕುವ ಜಾಗದ ಮಣ್ಣು. ಮೊದಲ ಮಳೆ ಬಿದ್ದ ಕೂಡಲೇ ಅದರ ಮೇಲ್ಪದರ ನುಣ್ಣಗೆ ಕರಗಿ ಸಣ್ಣ ಸಣ್ಣ ಸಂದುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಆಮೇಲೆ ನೀರು ಒಳಗಿಳಿಯುವುದಿಲ್ಲ, ಜಾರಿಕೊಂಡು ಸೂರಿನಂಚಿನ ದೋಣಿಯ ಕಡೆ ಹೋಗಿ ಬೀದಿಗೆ ಬೀಳುತ್ತದೆ. ಹೊಲಕ್ಕೆ ಕೆಟ್ಟದ್ದಾದ ಮಣ್ಣು ಮನೆಗೆ ಒಳ್ಳೆಯದಾಗುತ್ತದೆ. ಮುಂಗಾರಿಗೆ ಮುಂಚೆ, ವರ್ಷಕ್ಕೊಂದು ಸಲ, ಗಾಡಿಯಲ್ಲಿ ತಂದು ಹೊದಿಸುತ್ತಿದ್ದರು. ಹಳೆಯದನ್ನು ಕೆರೆದು ತೆಗೆದ ಮೇಲೇ ಹೊಸದು. ಇಲ್ಲದಿದ್ದರೆ ವರ್ಷ ವರ್ಷಕ್ಕೂ ಭಾರ ಏರಿ ಜಂತೆ ಬಾಗುತ್ತದೆ. ನಡುಮನೆಯ ಮೇಲೆ ಬೆಳಕಿಂಡಿ, ಅದರಿಂದ ಇಳಿದ ಬಿಸಿಲಿನ ಬಿಲ್ಲೆ ನೆಲದ ಮೇಲೆ ಎಲ್ಲಿದೆ ಅಂತ ನೋಡಿ ಅಜ್ಜಿ ಹೊತ್ತು ಹೇಳುತ್ತಿದ್ದಳು. ಮೇ ತಿಂಗಳಲ್ಲಿ ಹೊರಗೆ ನಿಲ್ಲಲಾಗದಿದ್ದಾಗ ಒಳಗೆ ತಣ್ಣಗೆ ನಿದ್ದೆ ಬರುತ್ತಿತ್ತು. ದುರ್ಗದ ಅರಮನೆಯಲ್ಲಿ ಮಲಗಿದವರಿಗೂ ಅದೇ ತಂಪು ಸಿಕ್ಕಿರಬೇಕು.

ಅಪ್ಪನ ಮೊಣಕಾಲು ಕೈಕೊಟ್ಟು ಆರು ವರ್ಷವಾಯಿತು. ಅಂದಿನಿಂದ ಮಾಳಿಗೆಗೆ ಹೊಸ ಮಣ್ಣು ಬಿದ್ದಿಲ್ಲ. ಹೊದಿಸುವವರನ್ನು ಹುಡುಕಿದೆವು, ಸಿಗಲಿಲ್ಲ. ಹೋದ ವರ್ಷದ ಮಳೆಗೆ ದನ ಕಟ್ಟುವ ಕಡೆಯ ಎರಡು ಅಂಕಣ ಕುಸಿದವು. ಪುಣ್ಯಕ್ಕೆ ಆ ಹೊತ್ತಿಗೆ ದನ ಹೊರಗಿದ್ದವು. ತಮ್ಮ ಆರ್‌ಸಿಸಿ ಹಾಕಿಸುತ್ತಾನೆ, ದೀಪಾವಳಿ ಕಳೆದ ಮೇಲೆ ಕೆಡವುವುದು ಅಂತ ತೀರ್ಮಾನವಾಗಿದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಎರಡು ಪುಟ್ಟ ಮಕ್ಕಳು ಆ ಸೂರಿನ ಕೆಳಗೆ ಮಲಗುತ್ತವೆ. ಹೊಸ ಮನೆಯ ಪ್ಲಾನ್ ನಾನೇ ಬರೆದೆ. ನಡುಮನೆಗೆ ಬೆಳಕಿಂಡಿ ಇಟ್ಟಿದ್ದೇನೆ. ನಾಲ್ಕು ಕಂಬಗಳನ್ನು ಪಡಸಾಲೆಯಲ್ಲಿ ಮತ್ತೆ ನಿಲ್ಲಿಸುವುದಕ್ಕೆ ತಮ್ಮ ಒಪ್ಪಿದ್ದಾನೆ, ಅಡಿಗಲ್ಲುಗಳ ಸಮೇತ.

ಕೆಡವುವ ಮುಂಚೆ ಹಳೆಯದನ್ನೂ ಬರೆದಿಡಬೇಕು ಅನ್ನಿಸಿತು. ಕಳೆದ ಭಾನುವಾರ ಟೇಪು, ಪೆನ್ಸಿಲು, ದೊಡ್ಡ ಹಾಳೆ ತೆಗೆದುಕೊಂಡು ಊರಿಗೆ ಹೋದೆ. ಟೇಪಿನ ಇನ್ನೊಂದು ತುದಿ ಹಿಡಿದವನು ಅಪ್ಪ. ಕಟ್ಟೆ, ಪಡಸಾಲೆ, ನಡುಮನೆ, ಅಡುಗೆ ಮನೆ, ಹಿತ್ತಲು. ಗೋಡೆ ಬುಡದಲ್ಲಿ ಎರಡೂಕಾಲು ಅಡಿ, ತಲೆಯಲ್ಲಿ ಒಂದೂಮುಕ್ಕಾಲು. ಹೊಸಿಲುಗಳ ಎತ್ತರ. ತೊಲೆ ಗೋಡೆಯೊಳಗೆ ಎಷ್ಟು ಹೋಗಿದೆ ಅನ್ನುವುದನ್ನು ಕಡ್ಡಿ ತೂರಿಸಿ ನೋಡಿದೆವು. ನಾನು ಬರೆಯುತ್ತಾ ಹೋದೆ, ಅವನು ಸಂಖ್ಯೆ ಕೂಗುತ್ತಾ ಹೋದ. ಮಧ್ಯಾಹ್ನದ ಹೊತ್ತಿಗೆ ಮುಂದಿನ ಗೋಡೆಗೆ ಬಂದೆವು. ಗಿಲಾವು ಉದುರಿದ ಕಡೆ ವರಸೆಗಳು ಎದ್ದು ಕಾಣುತ್ತಿದ್ದವು. ಎಣಿಸಿದೆ, ಒಂಬತ್ತು. ನಾಲ್ಕನೆಯದರ ಹತ್ತಿರ ಗೋಡೆ ಹೊರಗೆ ಸ್ವಲ್ಪ ಉಬ್ಬಿತ್ತು. ಮನೆ ಬಣ್ಣ ಬಳಿಯುವಾಗಲೆಲ್ಲ ನೋಡಿದ್ದೆ, ಯಾಕೆ ಅಂತ ಕೇಳಿರಲಿಲ್ಲ.

"ಅದು ನಾನು ಹಾಕಿದ್ದು," ಅಂದ ಅಪ್ಪ. "ಆವಾಗ ನಂಗೆ ಹದಿನಾಲ್ಕು. ನಮ್ಮಪ್ಪ ಸಂತೆಗೆ ಹೋಗಿದ್ದ. ಮೂರನೇದು ಇನ್ನೂ ಹಸಿ ಇತ್ತು, ನಾನು ಕಾಯಲಿಲ್ಲ. ಅವನು ಬರೋದ್ರೊಳಗೆ ಒಂದು ವರಸೆ ಏರಿಸಿ ತೋರಿಸ್ಬೇಕು ಅಂತ."

"ತಾತ ಏನಂದ?"

"ಏನೂ ಅನ್ನಲಿಲ್ಲ. ಒಣಗಿದ ಮೇಲೆ ಅದರ ಮ್ಯಾಲೇ ಐದನೇದು ಹಾಕಿದ."

ಗೋಡೆಯ ಸೀಳುನಕ್ಷೆಯಲ್ಲಿ ನಾನು ಎರಡೂ ಬದಿಗೆ ನೇರ ಗೆರೆ ಎಳೆದಿದ್ದೆ. ಒಂದನ್ನು ರಬ್ಬರಿನಲ್ಲಿ ಅಳಿಸಿದೆ. ಅಪ್ಪ ತೂಕದ ಗುಂಡು ಕಟ್ಟಿದ ದಾರ ಹಿಡಿದು ನಿಂತ. ಉಬ್ಬು ಎಷ್ಟು ಹೊರಗೆ ಬಂದಿದೆ ಅಂತ ಅಳೆದೆ, ಒಂದೂವರೆ ಇಂಚು. ಮೂರನೆಯ ವರಸೆಯಿಂದ ಐದನೆಯದರ ತನಕ ಅದನ್ನು ಹಾಗೇ ಬಾಗಿಸಿ ಬರೆದೆ.